ಬಚ್ಚಲ ಕಲ್ಲಿನ ಕೆಳಗಿನ ಮಾಸು

“ಈ ಕಲ್ಲು ಎತ್ತಬೇಕಂದ್ರ ಮೊದಲ ನನ್ನ ಎತ್ತಿ ಆಚೆ ಒಗೀರಿ,” ಎಂದು ಹುಲಗಮ್ಮ ಬಚ್ಚಲ ಮುಂದಿನ ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

ಕಾನ್‌ಸ್ಟೆಬಲ್ ಮಾರೆಪ್ಪ ಹಾರೆಯನ್ನು ನೆಲಕ್ಕೆ ಊರಿ ಪಿಎಸ್‌ಐ ದ್ರಾಕ್ಷಾಯಿಣಿಯ ಮುಖ ನೋಡಿದ. ಹಿತ್ತಲ ಗೋಡೆಯಾಚೆ ನಾಲ್ಕಾರು ತಲೆಗಳು ಆಗಲೇ ಇಣುಕುತ್ತಿದ್ದವು. ಅಳವಂಡಿಯಿಂದ ಇನ್ನೂ ಒಳಗಿನ ಸಣ್ಣ ಊರು. ಜೀಪು ಬಂದ ಸುದ್ದಿ ಜೀಪಿಗಿಂತ ಮೊದಲೇ ಓಣಿ ಸುತ್ತಿತ್ತು.

“ಎವ್ವಾ, ನಿಮ್ಮ ಮ್ಯಾಲೆ ಯಾವ ಆರೋಪಾನೂ ಇಲ್ಲ,” ದ್ರಾಕ್ಷಾಯಿಣಿ ದನಿ ತಗ್ಗಿಸಿ ಹೇಳಿದಳು. “ಕಲ್ಲಿನ ಕೆಳಗ ಹುಗದ ಆ ಗಡಗಿ ಒಂದಿಷ್ಟು ಹೊತ್ತು ನಮಗ ಬೇಕು. ಡಾಕ್ಟ್ರು ನೋಡಿ ಹೊಳ್ಳಿ ಕೊಡ್ತಾರ.”

“ಅದೇನು ಹಿಟ್ಟಿನ ಗಡಗಿ ಏನ್ರಿ, ಕಡಾ ಒಯ್ದು ಹೊಳ್ಳಿ ಕೊಡಾಕ? ನನ್ನ ಮಗಳ ಮಾಸು ಅದು, ಕೂಸಿನ ಹಿಂದ ಬಿದ್ದದ್ದು. ಹುಗಿದ ಮಾಸು ಹೊರಗ ತಗದ್ರ ಅಕಿ ಬಸಿರು ಬತ್ತತೈತಿ. ಒಂದು ಕೂಸು ಮಣ್ಣಿಗೆ ಕೊಟ್ಟೀನಿ. ಇನ್ನ ಮುಂದ ಹುಟ್ಟೂ ಕೂಸನ್ನೂ ನೀವ ಒಯ್ರಿ ಹಂಗಾರ.”

ಹೋದ ವಾರ ಹುಲಗಮ್ಮನ ಮಗಳು ಮೇಘಾ ಗಂಗಾವತಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಚೊಚ್ಚಲು ಹೆತ್ತಿದ್ದಳು. ಗಂಡು ಕೂಸು. ಕೊಪ್ಪಳಕ್ಕೆ ಸಾಗಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೂ ಉಳಿಯಲಿಲ್ಲ. ಹೊಟ್ಟೆಯಲ್ಲಿದ್ದಾಗಲೇ ಅದಕ್ಕೆ ಆಮ್ಲಜನಕ ಸಾಲದೇ ಹೋಗಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾವಾಗಿನಿಂದ ಸಾಲದೇ ಹೋಗಿತ್ತು ಎಂಬುದೇ ಪ್ರಶ್ನೆ.

ಹೆರಿಗೆಗೆ ಸ್ವಲ್ಪ ಮೊದಲು, ಒಮ್ಮೆಲೇ, ಎನ್ನುತ್ತಿದ್ದರು ಆಸ್ಪತ್ರೆಯ ಡಾ. ಶಾಂತಕುಮಾರ. ಊರಿನ ಸಿಸ್ಟರ್ ಪಕ್ಕೀರವ್ವ ಬೇನೆ ಹೆಚ್ಚಲೆಂದು ಮನೆಯಲ್ಲೇ ಇಂಜೆಕ್ಷನ್ ಕೊಟ್ಟಳು, ಅದರಿಂದಲೇ ಕೂಸಿಗೆ ಉಸಿರು ಕಟ್ಟಿತು ಎಂಬುದು ಅವರ ಮಾತು. ಮೇಘಾಳ ಗಂಡ, ಕುಷ್ಟಗಿಯ ಅಳಿಯ, ಅದನ್ನೇ ದೂರು ಕೊಟ್ಟಿದ್ದ. ಇಂಜೆಕ್ಷನ್ ಕೊಟ್ಟೇ ಇಲ್ಲ ಎನ್ನುತ್ತಿದ್ದಳು ಪಕ್ಕೀರವ್ವ.

ಬೆಳಿಗ್ಗೆ ಅವಳನ್ನು ಕರೆತರಲು ದ್ರಾಕ್ಷಾಯಿಣಿಯೇ ಹೋಗಿದ್ದಳು. ಪಕ್ಕೀರವ್ವ ಊರ ಕೂಸುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗುತ್ತಿದ್ದಳು. “ಈ ಸಾಲು ಮುಗಿಸಿ ಬರ್ತೀನ್ರಿ ಮೇಡಂ, ಪಾಪ ಬಿಸಲಾಗ ನಡದು ಬಂದಾರ,” ಎಂದಳು. ಸಾಲು ಮುಗಿಸಿದಳು. ಕೈ ತೊಳೆದಳು. ಸೆರಗು ಸರಿಮಾಡಿಕೊಂಡು ತಾನೇ ಜೀಪು ಹತ್ತಿದಳು.

ಈಗ ಅವಳು ಕೊಪ್ಪಳದ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಸಂಜೆಯೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಬಂಧಿಸಿ ನ್ಯಾಯಾಧೀಶರ ಮುಂದೆ ನಿಲ್ಲಿಸುವುದು ಖಚಿತ ಎಂದಿದ್ದರು ಸಿಪಿಐ ಗೋಣೆಪ್ಪ. “ಅಕಿ ಅಂಥಾಕಿ ಅಲ್ರಿ ಸರ,” ಎಂದು ದ್ರಾಕ್ಷಾಯಿಣಿ ಅವರ ಮುಂದೆ ಹೇಳಿಯೂ ಬಿಟ್ಟಿದ್ದಳು. ಪೊಲೀಸರು ಹೇಳಬಾರದ ಮಾತು. ಹೇಳಿಯಾಗಿತ್ತು.

ಹಿತ್ತಲ ಗೋಡೆಯ ನೆರಳು ಬಚ್ಚಲ ಗೋಡೆ ಏರುತ್ತಿತ್ತು.

“ಮಾರೆಪ್ಪಾ, ಆ ಹಾರಿ ಕೆಳಗ ಇಡು,” ಎಂದಳು. ಆಮೇಲೆ ತಾನೂ ಬೂಟು ಬಿಚ್ಚಿ ಹುಲಗಮ್ಮನ ಎದುರಿಗೆ ನೆಲದ ಮೇಲೆ ಕೂತಳು.

“ನೋಡ್ರಿ ಎವ್ವಾ. ಒಂದು ಮಾತು ಹೇಳ್ತೀನಿ, ಕೇಳ್ರಿ. ಆಮ್ಯಾಲೆ ನೀವು ಬ್ಯಾಡ ಅಂದ್ರ ಎದ್ದು ಹೋಗ್ತೀನಿ.”

ಹುಲಗಮ್ಮ ಮುಖ ತಿರುಗಿಸಿದಳು. ಆದರೆ ಕಿವಿ ಈ ಕಡೆಗೇ ಇತ್ತು.

ಡಾ. ಸಾದಿಕ ನಿನ್ನೆ ಹೇಳಿದ್ದನ್ನು ದ್ರಾಕ್ಷಾಯಿಣಿ ತನಗೆ ತಿಳಿದ ಮಾತಿನಲ್ಲಿ ಹೇಳಿದಳು. ಸಾದಿಕ ಕೊಪ್ಪಳದಲ್ಲಿ ರೋಗಪರೀಕ್ಷೆ ಮಾಡುವ ವೈದ್ಯ. ಸತ್ತ ಕೂಸನ್ನು ಕೊಯ್ದು ನೋಡಿದವನೂ ಅವನೇ, ಆಸ್ಪತ್ರೆಯವರು ಔಷಧಿಯ ನೀರಿನಲ್ಲಿ ಮುಳುಗಿಸಿ ಡಬ್ಬಿಯಲ್ಲಿ ಕಳಿಸಿದ ಮಾಸನ್ನು ನೋಡಿದವನೂ ಅವನೇ. ಕೂಸಿಗೆ ಉಸಿರು ಹೋಗುವ ದಾರಿ ಮಾಸು. ವಾರಗಟ್ಟಲೆ ಅದು ಸರಿಯಾಗಿ ಕೊಡದಿದ್ದರೆ ಅದರಲ್ಲಿ ಸತ್ತ ತೇಪೆಗಳು ಬಿದ್ದಿರುತ್ತವೆ, ಕೈಗೆ ಗಟ್ಟಿ ಹತ್ತುತ್ತವೆ. ಒಮ್ಮೆಲೇ ನಿಂತುಹೋದರೆ ಅಂಥ ಗುರುತು ಬೀಳಲು ಹೊತ್ತೇ ಇರುವುದಿಲ್ಲ. ಡಬ್ಬಿಯ ಮಾಸಿನಲ್ಲಿ ಗುರುತಿರಲಿಲ್ಲ. ಅಂದರೆ ಒಮ್ಮೆಲೇ ಆದದ್ದು. ಅಂದರೆ ಇಂಜೆಕ್ಷನ್.

“ಅಂದ್ರ ಆತಲ್ಲ,” ಎಂದಳು ಹುಲಗಮ್ಮ. “ನನ್ನ ಕೂಸು ಆ ಪಕ್ಕೀರಿ ಕೈಯಾಗ ಹೋತು.”

“ಇನ್ನೊಂದು ಮಾತು ಐತಿ. ನಿಮಗ ತೋರಿಸಿದ ಕೂಸು ಯಾವ ಬಣ್ಣ ಇತ್ತು?”

“ಹಸರು. ಉಗುರು ಸೈತ ಹಸರು.”

“ಹೊಟ್ಯಾಗ ಉಸಿರಿಗೆ ಒದ್ದಾಡೂ ಕೂಸು ಒಳಗ ಹೇತಕೊಂತೈತಂತ. ಆ ನೀರಿನ್ಯಾಗ ಭಾಳ ಹೊತ್ತು ನೆನದ್ರ ಉಗುರಿಗೆ ಬಣ್ಣ ಹಿಡಿತೈತಿ, ಹೊಕ್ಕಳ ಬಳ್ಳಿಗೆ ಹಿಡಿತೈತಿ, ಮಾಸಿಗೂ ಹಿಡಿಬೇಕು. ಡಬ್ಬಿಯಾಗಿಂದು ಬೆಳ್ಳಗ ಐತಿ ಎವ್ವಾ. ಒಂದು ಕಲಿ ಇಲ್ಲ. ನಿಮ್ಮ ಕೂಸಿನ ಮಾಸು ಅದಲ್ಲ ಅಂತಾರ ಡಾಕ್ಟ್ರು.”

ಗೋಡೆಯಾಚೆಯ ತಲೆಗಳು ಇನ್ನಷ್ಟು ಮೇಲಕ್ಕೆ ಬಂದವು.

“ಖರೇದ್ದು ನೀವು ತಂದು ಇಲ್ಲೆ ಹುಗದೀರಿ. ಆಸ್ಪತ್ರಿ ಆಯಾ ಮೆಹಬೂಬಬೀ ಹೇಳ್ಯಾಳ. ಇದ್ರಾಗ ಹಳೇ ತೇಪಿ ಇದ್ರ ಕೂಸು ತಿಂಗಳಿಂದ ಒಳಗ ಬಳಲಿತ್ತು ಅಂತ ಆಗತೈತಿ. ಪಕ್ಕೀರವ್ವಂದು ತಪ್ಪಿಲ್ಲ ಅಂತ ಆಗತೈತಿ. ತಿಂಗಳಾ ತಿಂಗಳಾ ಸ್ಕ್ಯಾನ್ ಮಾಡಿ ‘ಕೂಸು ಛಲೋ ಐತಿ’ ಅಂತ ಕಳಿಸಿದವ್ರನ್ನ ಕೇಳಬೇಕಾಗತೈತಿ.”

ಹುಲಗಮ್ಮ ಹಾಕಿದ್ದ ಚಕ್ಕಳಮಕ್ಕಳ ಬಿಡಿಸಿದಳು. ನೋಡಿದರೆ ಒಪ್ಪುವಂತಿತ್ತು. ಅಷ್ಟರಲ್ಲಿ ಏನೋ ನೆನಪಾದವಳಂತೆ ಬಂಡೆಯ ಎರಡೂ ಅಂಚನ್ನು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

“ಆಗೂದಿಲ್ಲ. ಅದನ್ನ ಬಿಚ್ಚಿ ನೋಡಾಕ ನಾ ಒಲ್ಲೆ.”

“ಯಾಕ?”

“ಒಲ್ಲೆ ಅಂದ್ರ ಒಲ್ಲೆ.”

ಇದು ಬಸಿರು ಬತ್ತುವ ಭಯವಲ್ಲ ಎಂದು ದ್ರಾಕ್ಷಾಯಿಣಿಗೆ ಥಟ್ಟನೆ ಅನಿಸಿತು. ಆ ಭಯವನ್ನು ಹೆಂಗಸು ಕೂಗಿ ಹೇಳುತ್ತಾಳೆ. ಇದನ್ನು ಕಣ್ಣು ತಪ್ಪಿಸಿ ಹೇಳುತ್ತಿದ್ದಳು. ಗಡಿಗೆಯೊಳಗೆ ಯಾರಿಗೂ ಕಾಣಿಸಬಾರದ ಏನೋ ಇದೆ. ಏನು?

“ಹುಲಗವ್ವಾ, ಸರಕಾರದ ಕೆಲಸಕ್ಕ ಅಡ್ಡಿ ಮಾಡಬ್ಯಾಡ,” ಎಂದು ಮಾರೆಪ್ಪ ನಡುವೆ ಬಾಯಿ ಹಾಕಿದ.

“ಏನೋ ಮೀಸಿ ಮಾವ, ನೀ ಯಾರು ಹೇಳಾಕ? ನಿಮ್ಮವ್ವ ನಿನ್ನ ಮಾಸು ಹುಗದಾಳೋ ಇಲ್ಲಾ ತಿಪ್ಯಾಗ ಒಗದಾಳೋ, ಮೊದಲ ಕೇಳಿಕೊಂಡು ಬಾ. ನಾಯಿಗತೆ ಊರೂರು ತಿರಗತೀಯಲ್ಲ, ಅದಕ್ಕ ಕೇಳಿದ್ನಿ.”

ಗೋಡೆಯಾಚೆ ಯಾರೋ ಕಿಸಕ್ಕನೆ ನಕ್ಕರು. ಮಾರೆಪ್ಪ ಹಾರೆಯ ಹಿಂದೆ ಮುಖ ಮರೆಮಾಡುವಂತೆ ನಿಂತ.

ಆಗ ಒಳಗಿನ ಬಾಗಿಲು ಕಿರ್ರೆಂದಿತು.

ಮೇಘಾ ಹೊಸ್ತಿಲಲ್ಲಿ ನಿಂತಿದ್ದಳು. ತಲೆಗೆ ಬಿಗಿದ ಬಟ್ಟೆ, ಕಿವಿಯಲ್ಲಿ ಅರಳೆ, ಮೈತುಂಬ ಕಂಬಳಿ. ರವಿಕೆಯ ಎದೆಭಾಗ ಒದ್ದೆಯಾಗಿತ್ತು. ಹಾಲು ಕುಡಿಯುವವರಿಲ್ಲ ಎಂಬುದು ಮೈಗೆ ಇನ್ನೂ ತಿಳಿದಿರಲಿಲ್ಲ.

“ಗಾಳಿಗಿ ಯಾಕ ಬಂದಿ? ಒಳಗ ನಡಿ,” ಹುಲಗಮ್ಮ ಗದರಿದಳು.

“ಅಗೀಲಿ ಬಿಡವ್ವ.”

“ಬುದ್ಧಿ ಐತೇನು ನಿನಗ? ನಾಳೆ ಇನ್ನೊಂದು ನಿಲ್ಲೂದಿಲ್ಲ.”

“ಒಂದು ಯಾಕ ಹೋತು ಅಂತ ಗೊತ್ತಿಲ್ದ ಇನ್ನೊಂದು ಹ್ಯಾಂಗ ಹೆರಲಿ?” ಮೇಘಾಳ ದನಿಯಲ್ಲಿ ಅಳು ಇರಲಿಲ್ಲ. “ರಾತ್ರಿ ಎಲ್ಲಾ ಅದ. ನಾ ಏನು ತಿಂದ್ನಿ, ಎಲ್ಲಿ ಕುಂತ್ನಿ, ಎಷ್ಟು ಭಾರ ಎತ್ತಿದ್ನಿ. ಅತ್ತಿ ಫೋನ್ ಮಾಡಿ ಅದನ್ನ ಕೇಳ್ತಾಳ. ನೀನೂ ಕೇಳಿದಿ. ಅಗೀರಿ ಮೇಡಂ. ನಂದು ಅದು. ನಾ ಹೇಳ್ತೀನಿ.”

ಹುಲಗಮ್ಮ ಮಗಳನ್ನು ನೋಡಿದಳು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದಳು.

“ಗಂಡಸರ ಕೈ ಹತ್ತಬಾರದು,” ಎಂದಳು. “ನಾನ ತಗೀತೀನಿ. ಗಡಗಿ ನನ್ನ ಉಡಿಯಾಗ ಇರಬೇಕು. ದೀಪಾ ಹಚ್ಚೂದ್ರೊಳಗ ಹೊಳ್ಳಿ ಇಲ್ಲೆ ಹುಗೀಬೇಕು. ಮತ್ತ, ಇಲ್ಲೆ ಯಾರೂ ಬಿಚ್ಚಂಗಿಲ್ಲ. ನನ್ನ ಮಗಳ ಮುಂದ ಬಿಚ್ಚಂಗಿಲ್ಲ.”

ಮಾರೆಪ್ಪ ಹಾರೆಯಿಂದ ಕಲ್ಲನ್ನಷ್ಟೇ ಎಬ್ಬಿಸಿ ದೂರ ಸರಿದ ಮೇಲೆ, ಕುರ್ಪಿಯಿಂದ ಅವಳೇ ಮಣ್ಣು ಕೆದರಿದಳು. ಬಟ್ಟೆ ಕಟ್ಟಿದ ಬಾಯಿಯ ಹೊಸ ಗಡಿಗೆ ಹೊರಬಂದಾಗ ಗೋಡೆಯಾಚೆಯ ತಲೆಗಳು ಒಂದೊಂದಾಗಿ ಮರೆಯಾದವು. ನೋಡಬಾರದ್ದನ್ನು ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಕೊಪ್ಪಳದ ದಾರಿಗೆ ಹುಲಗಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು. ತಗ್ಗು ಬಂದಾಗಲೆಲ್ಲ ಗಡಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು, ಮಲಗಿದ ಕೂಸು ಎಚ್ಚರಾದೀತು ಎನ್ನುವಂತೆ.

ಸಾದಿಕನ ಪ್ರಯೋಗಾಲಯದಲ್ಲಿ ಫ್ಯಾನಿನ ಗಾಳಿಗೆ ಫಾರ್ಮಲಿನ್ ವಾಸನೆ ಕಣ್ಣಿಗೆ ಬಡಿಯುತ್ತಿತ್ತು. ಹುಲಗಮ್ಮ ಗಡಿಗೆಯನ್ನು ಮೇಜಿನ ಮೇಲಿಟ್ಟಳು, ಆದರೆ ಕೈ ತೆಗೆಯಲಿಲ್ಲ.

“ಎವ್ವಾ, ಹೊರಗ ಕುಂದರ್ರಿ. ಚಾ ಹೇಳ್ತೀನಿ,” ಎಂದ ಸಾದಿಕ.

“ಚಾ ಒಲ್ಲೆ. ಕೆಡಸಬ್ಯಾಡಪಾ.”

“ಇಲ್ರಿ,” ಸಾದಿಕ ಗಡಿಗೆಯ ಬಾಯಿಯ ಬಟ್ಟೆ ಸರಿಸಿ ನೋಡಿದ. “ನೀವು ಹಾಕಿದ ಉಪ್ಪು ಕೆಡಾಕ ಬಿಟ್ಟಿಲ್ಲ. ಇಷ್ಟು ದಿನ ಮಣ್ಣಾಗ ಇದ್ರೂ ವಾಸನಿ ಇಲ್ಲ ನೋಡ್ರಿ.”

“ಉಪ್ಪಿನಕಾಯಿ ಹಾಕೂ ಕೈಯಪಾ ಇದು,” ಎಂದಳು ಹುಲಗಮ್ಮ, ಅಭ್ಯಾಸಬಲದಿಂದ. ಆಮೇಲೆ ತಾನು ಏನಂದೆ ಎಂದು ಹೊಳೆದು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಸಾದಿಕ ಉಪ್ಪು, ಬೂದಿ, ಬೇವಿನೆಲೆ ತೆಗೆದು ತಟ್ಟೆಗೆ ನೀರು ಬಿಟ್ಟ. ಮುದುಡಿದ, ಕಂದು ಬಣ್ಣದ ದಪ್ಪ ಮಾಂಸದ ತುಂಡು. ಬೆರಳಿನಿಂದ ಒತ್ತುತ್ತ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಂದ. ಸಣ್ಣ ಚಾಕುವಿನಿಂದ ಬ್ರೆಡ್ಡಿನಂತೆ ಹೋಳು ಮಾಡುತ್ತ ಹೋದ. ಪ್ರತಿ ಹೋಳನ್ನೂ ಮಗ್ಗುಲಾಗಿಸಿ ದೀಪಕ್ಕೆ ಹಿಡಿದ.

ದ್ರಾಕ್ಷಾಯಿಣಿ ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ಬರೆದಿರಲಿಲ್ಲ.

ಫೋನು ಅದುರಿತು. ಸಿಪಿಐ ಗೋಣೆಪ್ಪ.

“ಏನಾತ್ರಿ? ಜಡ್ಜ್ ಸಾಹೇಬ್ರು ಮನಿಗೆ ಹೋಗೂದ್ರೊಳಗ ಅಕಿನ್ನ ಹಾಜರ ಮಾಡಬೇಕು. ಗಾಡಿ ಚಾಲೂ ಮಾಡಿ ನಿಂತೀನಿ.”

“ಒಂದು ಸ್ವಲ್ಪ ತಡೀರಿ ಸರ.”

“ಎಷ್ಟು ಸ್ವಲ್ಪ?”

“ಡಾಕ್ಟ್ರು ನೋಡಾಕತ್ಯಾರ. ನಾನ ಫೋನ್ ಮಾಡ್ತೀನಿ.”

ಫೋನು ಇಟ್ಟಾಗ ಸಾದಿಕ ಚಾಕು ಕೆಳಗಿಟ್ಟಿದ್ದ.

“ಮೇಡಂ, ಇದ್ರಾಗೂ ಏನಿಲ್ಲ.”

“ಏನಿಲ್ಲ ಅಂದ್ರ?”

“ತೇಪಿ ಇಲ್ಲ. ಕಲಿ ಇಲ್ಲ. ಇದೂ ಛಲೋ ಐತಿ. ಇದರ ಚೂರು ಸೂಕ್ಷ್ಮದರ್ಶಕದಾಗ ನೋಡೂದು ಇನ್ನ ಐತಿ, ಆದ್ರ ಕಣ್ಣಿಗೆ ಕಾಣೂವಂಥ ಹಳೇ ಪೆಟ್ಟು ಒಂದೂ ಇಲ್ಲ.”

ದ್ರಾಕ್ಷಾಯಿಣಿ ಖಾಲಿ ಗಡಿಗೆಯ ಕಡೆ ನೋಡಿದಳು. ಒಬ್ಬ ತಾಯಿಯ ಎದೆಗೆ ಕೈ ಹಾಕಿ ಕಿತ್ತು ತಂದ ಗಡಿಗೆ ಇದು. ಇದು ಪಕ್ಕೀರವ್ವನನ್ನು ಉಳಿಸಲಿಲ್ಲ. ಇದರಿಂದ ಅವಳ ಕೊರಳಿಗೆ ಇನ್ನೊಂದು ಗಂಟು ಬಿತ್ತು.

“ಅಂದ್ರ ಇಂಜೆಕ್ಷನ್ ಖರೆ?”

ಸಾದಿಕ ಮೂಲೆಯ ಕಪಾಟಿನಿಂದ ಆಸ್ಪತ್ರೆಯ ಡಬ್ಬಿ ತಂದು, ಒಳಗಿನ ಮಾಸನ್ನು ಇನ್ನೊಂದು ತಟ್ಟೆಗೆ ಸುರಿದ. ಹೊಕ್ಕುಳ ಬಳ್ಳಿ ಅದಕ್ಕೇ ಅಂಟಿತ್ತು. ದಪ್ಪ, ಬಿಳಿಯ, ಹುರಿಗೊಂಡ ಬಳ್ಳಿ.

“ಆಸ್ಪತ್ರಿಯವ್ರು ಇದನ್ನ ಪೂರಾ ಕಳಿಸಿರಲಿಲ್ಲ. ಉಳಿದದ್ದು ಕಸಕ್ಕ ಹೋತು ಅಂದಿದ್ರು. ಅದನ್ನ ನಾನು ಅಷ್ಟು ತಲಿಗೆ ಹಾಕೊಂಡಿರಲಿಲ್ಲ,” ಎಂದ. ಎರಡೂ ತಟ್ಟೆಗಳನ್ನು ಅಕ್ಕಪಕ್ಕ ಸರಿಸಿದ. “ಈ ಅಜ್ಜಿ ಗಡಗಿಯಾಗಿಂದೂ ಪೂರಾ ಇಲ್ಲ. ಇದಕ್ಕ ಬಳ್ಳಿ ಇಲ್ಲ. ಒಂದು ಕಡೆ ಅಂಚು ಕತ್ತರಿ ಹಾಕಿದಂಗ ಐತಿ.”

“ಎರಡೂ ಒಂದ ಏನ್ರಿ?”

“ಅಂಚು ನೋಡಿ ಹೇಳಾಕ ಬರೂದಿಲ್ಲ. ಉಪ್ಪಿನ್ಯಾಗಿಂದು ಕುಗ್ಗೈತಿ. ಇಲ್ಲೆ ನೋಡ್ರಿ.”

ನುಣುಪಾದ ಬದಿಯನ್ನು ಮೇಲೆ ಮಾಡಿದ. ಬಳ್ಳಿಯ ಬುಡದಿಂದ ರಕ್ತನಾಳಗಳು ತೂಬಿನಿಂದ ಹೊರಟ ಕಾಲುವೆಗಳ ಹಾಗೆ ಹರಡಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಕತ್ತರಿಸಿದ ಅಂಚಿನ ಹತ್ತಿರ ಕವಲೊಡೆದಿತ್ತು. ಒಂದು ಕವಲು ಡಬ್ಬಿಯ ತುಂಡಿನಲ್ಲಿ ಮುಂದುವರಿದಿತ್ತು. ಇನ್ನೊಂದು ಅಂಚಿನಲ್ಲೇ ತುಂಡಾಗಿತ್ತು. ಸಾದಿಕ ಗಡಿಗೆಯ ತುಂಡನ್ನು ಮೆಲ್ಲಗೆ ತಿರುಗಿಸಿ ಅದಕ್ಕೆ ತಾಗಿಸಿದ. ಕಳೆದುಹೋದ ಕವಲು ಅಲ್ಲಿತ್ತು. ಅದರ ಪಕ್ಕದ ಸಣ್ಣ ನಾಳವೂ. ಅದರಾಚೆಯದೂ.

“ಅಜ್ಜಿನ್ನ ಕರೀರಿ,” ಎಂದ.

ಒಳಗೆ ಬಂದ ಹುಲಗಮ್ಮ ಎರಡೂ ತುಂಡುಗಳು ಒಂದಾಗಿ ಮಲಗಿದ್ದನ್ನು ನೋಡಿ ಬಾಗಿಲ ಬಳಿಯೇ ನಿಂತಳು. ಆಮೇಲೆ ಗೋಡೆಗೆ ಆತು ಕುಸಿದಳು.

“ಇದಕ್ಕ, ಇದಕ್ಕ ಬಿಚ್ಚಬ್ಯಾಡ್ರಿ ಅಂದ್ನಿ.”

“ಯಾರು ಕತ್ತರಿಸಿದ್ರು ಎವ್ವಾ?” ದ್ರಾಕ್ಷಾಯಿಣಿ ಅವಳ ಪಕ್ಕ ಕೂತಳು.

“ಆ ಆಯಾ. ಮೆಹಬೂಬಬೀ. ಮಾಸು ಪರೀಕ್ಷಾಕ್ಕ ಬೇಕಂತ, ಕೊಡಾಕ ಬರೂದಿಲ್ಲ ಅಂದ್ಲು. ಡಾಕ್ಟರ್ ಬೈತಾನ ಅಂದ್ಲು. ನಾ ಬಿಡಲಿಲ್ಲ, ಕಾಲು ಹಿಡಕೊಂಡ್ನಿ. ಆಮ್ಯಾಲೆ ಅಕಿನ ಕತ್ತರಿ ಹಾಕಿ ಅರ್ಧಾ ನನಗ ಕೊಟ್ಲು, ಅರ್ಧಾ ಡಬ್ಬಿಯಾಗ ಹಾಕಿದ್ಲು. ಅರ್ಧಾ ಹುಗದ್ನಿ ಅಂತ ಊರಾಗ ಹ್ಯಾಂಗ ಹೇಳ್ಲಿ? ಮಗಳಿಗೆ ಹ್ಯಾಂಗ ಹೇಳ್ಲಿ?” ಅವಳು ಹಣೆಗೆ ಬಡಿದುಕೊಂಡಳು. “ಅರ್ಧಾ ಹುಗದದ್ದಕ್ಕ ಕೂಸು ಅರ್ಧಕ್ಕ ಹೋತು. ನಾನ ಕೊಂದ್ನಿ. ಅಕಿ ಏನು ತಿಂದಿ ಅಂತ ಅಕಿನ್ನ ಕೇಳಿದ್ನಿ, ಬಾಯಿಗಿ ಹುಳಾ ಬೀಳಲಿ ನಂದು.”

“ಇಲ್ರಿ ಎವ್ವಾ. ಅರ್ಧಾ ಹುಗದದ್ದಕ್ಕ ಯಾವ ಕೂಸೂ ಸಾಯೂದಿಲ್ಲ,” ಎಂದ ಸಾದಿಕ. ಇಷ್ಟು ಮೃದುವಾಗಿ ಅವನು ಮಾತಾಡಿದ್ದನ್ನು ದ್ರಾಕ್ಷಾಯಿಣಿ ಕೇಳಿರಲಿಲ್ಲ. “ಒಂದು ಮಾತು ಹೇಳ್ರಿ. ಇದು ನಿಮ್ಮ ಮಗಳದ ಅಂತ ನಿಮಗ ಖಾತ್ರಿ ಐತೇನು? ಬ್ಯಾರೆ ಯಾರದರೆ ಕೊಟ್ಟಿದ್ರ?”

ಹುಲಗಮ್ಮನಿಗೆ ಅಳುವಿನ ನಡುವೆಯೂ ಸಿಟ್ಟು ಬಂತು. “ಏನ್ ಮಾತಾಡ್ತಿ? ನನ್ನ ಕಣ್ಣ ಮುಂದ ಬಿದ್ದೈತಿ. ಮೇಘಾ ಚೀರಿ ಚೀರಿ ನನ್ನ ಒಳಗ ಕರಸಿಕೊಂಡಿದ್ಲು. ಬಿದ್ದಾಗಿಂದ ಗಡಗಿಗೆ ಹಾಕೂತನ ಕಣ್ಣು ತಗದಿಲ್ಲ ನಾ.”

ಸಾದಿಕ ದ್ರಾಕ್ಷಾಯಿಣಿಯ ಕಡೆ ನೋಡಿದ. “ಎವ್ವಾ, ನೀವು ಹೊರಗ ಕುಂದರ್ರಿ. ಇನ್ನ ಮುಗೀತು,” ಎಂದ.

ಬಾಗಿಲು ಮುಚ್ಚಿದ ಮೇಲೂ ಅವನು ದನಿ ಏರಿಸಲಿಲ್ಲ.

“ನಾನು ನಿಮ್ಮನ್ನ ತಪ್ಪು ದಾರಿಗೆ ಹಚ್ಚಿದ್ನಿ ಮೇಡಂ. ಕೂಸು ಹಸರು, ಮಾಸು ಬೆಳ್ಳಗ, ಅದಕ್ಕ ಮಾಸು ಬದಲಾಗೈತಿ ಅಂದ್ನಿ. ಆಸ್ಪತ್ರಿಯವ್ರು ಮಾಸು ಬದಲು ಮಾಡಿಲ್ಲ. ಮೇಘಾನ ಮಾಸು ಇದ. ಇಷ್ಟು ದೊಡ್ಡ ಮಾಸಿನ್ಯಾಗ ಬೆಳದ ಕೂಸು ಮೂರು ಕಿಲೋದ ಮ್ಯಾಲ ಇರಬೇಕು. ನಾನು ಕೊಯ್ದ ಕೂಸು ಎರಡು ಕಿಲೋ ಸೈತ ಇರಲಿಲ್ಲ, ತೊಗಲು ಸುಲದಿತ್ತು, ಬಳ್ಳಿ ದಾರದಂಗಿತ್ತು. ಆ ಕೂಸು ಈ ಮಾಸಿಂದಲ್ಲ.”

ದ್ರಾಕ್ಷಾಯಿಣಿ ಎರಡೂ ತಟ್ಟೆಗಳ ಮೇಲೆ ಬಾಗಿದಳು.

“ಬದಲಾದದ್ದು ಕೂಸು,” ಎಂದ ಸಾದಿಕ. “ಮೇಘಾನ ಕೂಸಿಗೆ ಹೊಟ್ಯಾಗ ಉಸಿರಿನ ತ್ರಾಸು ಆದದ್ದಕ್ಕ ನನಗಿಲ್ಲಿ ಒಂದು ಗುರುತೂ ಸಿಗವಲ್ದು. ಡಿಎನ್‌ಎ ಬರಾಕ ಹೊತ್ತು ಹಿಡಿತೈತಿ. ನನ್ನ ಕೈ ಅದಕ್ಕ ಕಾಯಂಗಿಲ್ಲ, ಈಗ ಬರದು ಕೊಡ್ತೀನಿ.”

“ಇಂಜೆಕ್ಷನ್?”

“ಸತ್ತ ಕೂಸು ಅಕಿದಲ್ಲ ಅಂದ ಮ್ಯಾಲೆ ಎಲ್ಲಿ ಇಂಜೆಕ್ಷನ್? ಆ ಕೂಸು ತಿಂಗಳಗಟ್ಟಲೆ ಒಳಗ ಸೊರಗಿ ಹುಟ್ಟಿದ್ದು.”

ದ್ರಾಕ್ಷಾಯಿಣಿ ಫೋನು ತೆಗೆದಳು. ಗೋಣೆಪ್ಪ ಮೊದಲ ರಿಂಗಿಗೇ ಎತ್ತಿದರು.

“ಸರ, ಪಕ್ಕೀರವ್ವನ ಮ್ಯಾಲಿನ ಕೇಸು ನಿಲ್ಲೂದಿಲ್ಲ. ಡಾಕ್ಟ್ರು ಬರದು ಕೊಡಾಕತ್ಯಾರ. ಅಕಿನ್ನ ಮನಿಗೆ ಕಳಸರಿ.”

“ವಿಚಾರ ಮಾಡಿ ಹೇಳಾಕತ್ತೀರೇನು?”

“ಹೌದ್ರಿ ಸರ. ಉಳಿದದ್ದು ಬಂದು ಹೇಳ್ತೀನಿ. ಇದು ಇಂಜೆಕ್ಷನ್ ಮಾತಲ್ಲ, ಭಾಳ ದೊಡ್ಡದೈತಿ.”

ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿದಂತಾಯಿತು. ಪಕ್ಕೀರವ್ವನ ಪರವಾಗಿ ತಾನು ಆಡಿದ ಮಾತು ಸುಳ್ಳಾಗಲಿಲ್ಲ. ನಲ್ಲಿಯ ನೀರು ಮುಖಕ್ಕೆ ಚಿಮುಕಿಸಿಕೊಂಡಳು. ಸಾದಿಕ ವರದಿ ಬರೆದು ಸಹಿ ಮಾಡುವವರೆಗೂ ಕಾಯ್ದು, ಅದನ್ನು ಮಡಚಿ ಜೇಬಿಗಿಟ್ಟುಕೊಂಡಳು. ಆಮೇಲೆ ಹೊರಗಿನ ಬೆಂಚಿಗೆ ಬಂದಳು. ಅಲ್ಲಿ ಹುಲಗಮ್ಮ ಬರಿಗೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ಇದನ್ನು ಹೇಗೆ ಹೇಳುವುದು? ನಿನ್ನ ಮೊಮ್ಮಗ ಸತ್ತಿಲ್ಲದಿರಬಹುದು ಎಂದೇ? ಸತ್ತಿಲ್ಲವಾದರೆ ಎಲ್ಲಿ ಎಂದು ಕೇಳಿದರೆ?

ಮೊದಲು ಕೇಳಬೇಕಾದದ್ದನ್ನೇ ಕೇಳಿದಳು.

“ಎವ್ವಾ, ಕೂಸು ಹುಟ್ಟಿದಾಗ ನೀವು ಒಳಗಿದ್ರಿ. ಅದು ಹಸರಿತ್ತೇನು ಆವಾಗ?”

“ನಾ ಕೂಸು ಎಲ್ಲಿ ನೋಡ್ಲಿ ಮೇಡಮ್ಮಾರ? ನಮ್ಮ ಮನ್ಯಾಗ ಹೆತ್ತಾಕಿ ತಾಯಿ ಮಾಸಿನ ಮ್ಯಾಲಿಂದ ಕಣ್ಣು ತಗಿಯಂಗಿಲ್ಲ. ನಮ್ಮವ್ವನೂ ಹಂಗ ಮಾಡಿದ್ಲು, ನಮ್ಮಾಯಿನೂ ಹಂಗ. ಕಣ್ಣು ತಪ್ಪಿದ್ರ ಯಾರರೆ ಚಿವುಟಿ ಒಯ್ತಾರ, ಮಾಟಕ್ಕ. ಬಳ್ಳಿ ಕತ್ತರಿಸಿ ಕೂಸು ಒಯ್ದಿದ್ದು ಗೊತ್ತಾತು. ನಾ ತಲಿ ಎತ್ತಲಿಲ್ಲ. ಕೂಸು ಎಲ್ಲಿಗಿ ಹೋಗತೈತಿ, ಆಮ್ಯಾಲೆ ನೋಡಿದ್ರಾತು ಅಂದ್ನಿ.”

“ಆಮ್ಯಾಲೆ ಯಾವಾಗ ನೋಡಿದ್ರಿ?”

“ಕೊಪ್ಪಳಕ್ಕ ಒಯ್ಯೂ ಗಾಡಿಗೆ ಹಾಕೂ ಮುಂದ. ಅರಬಿ ಸುತ್ತಿ ತಂದ್ರು. ಹಸರಾಗಿತ್ತು.”

“ಅತ್ತಿತ್ತೇನು?”

“ಅತ್ತಂಗ ಕೇಳಿತ್ತವ್ವ. ಛಲೋ ಗಟ್ಟಿ ದನಿ. ಅದು ಮಗ್ಗಲ ಖೋಲಿ ಕೂಸಿಂದು ಅಂದ್ರು. ನಂದು ಅಳಲೇ ಇಲ್ಲಂತ.”

“ಇದನ್ನ ಯಾಕ ಮೊದಲ ಹೇಳಲಿಲ್ಲ?”

“ಯಾರು ಕೇಳಿದ್ರಿ? ಎಲ್ಲಾರೂ ಬರೇ ಇಂಜೆಕ್ಷನ್, ಇಂಜೆಕ್ಷನ್.” ಹೇಳುತ್ತ ಹೇಳುತ್ತ ಹುಲಗಮ್ಮನ ಮುಖ ಬದಲಾಯಿತು. ಅವಳು ದ್ರಾಕ್ಷಾಯಿಣಿಯ ಮಣಿಕಟ್ಟನ್ನು ಹಿಡಿದಳು. ಮಣ್ಣು ಕೆದರಿದ ಬೆರಳುಗಳು ಒರಟಾಗಿದ್ದವು. “ಯಾಕ ಕೇಳ್ತೀರಿ? ಮೇಡಮ್ಮಾರ, ಯಾಕ ಹಿಂಗ ಕೇಳ್ತೀರಿ? ನಾವು ಹುಗದ ಕೂಸು ಯಾರದು?”

“ಹೇಳ್ತೀನಿ ಎವ್ವಾ. ಇದೊಂದು ಹೇಳ್ರಿ. ಬಳ್ಳಿ ಕತ್ತರಿಸಿದ ಮ್ಯಾಲೆ ಕೂಸು ಎತ್ತಿಕೊಂಡು ಆಚೆ ಖೋಲಿಗೆ ಹೋದವ್ರು ಯಾರು? ಮೆಹಬೂಬಬೀ ಏನು?”

“ಅಕಿ ಮಾಸು ಹಿಡಕೊಂಡು ನನ್ನ ಕೂಡ ಜಗಳಾಡತಿದ್ಲಲ್ಲ. ಅಕಿ ಅಲ್ಲ.”

“ಡಾಕ್ಟ್ರು?”

“ಅವ ಕೈಯಾಗ ತಗೊಂಡು ಕೊಟ್ಟ. ಒಯ್ದಾಕಿ ನಮ್ಮೂರ ಸಿಸ್ಟರ್. ಪಕ್ಕೀರವ್ವ.”

ದ್ರಾಕ್ಷಾಯಿಣಿ ಮುಂದಕ್ಕೆ ಬಾಗಿದಳು. “ಮುಖ ನೋಡಿದ್ರೇನು?”

“ಮುಖ ನೋಡಿಲ್ಲ. ದನಿ ಕೇಳಿದ್ನಿ. ‘ನನ್ನ ಕೈಯಾಗ ಕೊಡ್ರಿ ಸರ’ ಅಂದ್ಲು. ಊರ ಕೂಸುಗೋಳಿಗೆಲ್ಲಾ ಹನಿ ಹಾಕೂ ದನಿ ಅದು, ನನಗ ತಿಳಿಯೂದಿಲ್ಲೇನು?”

“ನನ್ನ ಹೆರಿಗಿ ಖೋಲಿಯೊಳಗ ಬಿಡಲೇ ಇಲ್ರಿ ಮೇಡಂ, ಹೊರಗ ಮೆಟ್ಟಲ ಮ್ಯಾಲ ಕುಂತಿದ್ನಿ.” ಬೆಳಿಗ್ಗೆ ಜೀಪಿನಲ್ಲಿ, ಯಾರೂ ಕೇಳದೆಯೇ, ಪಕ್ಕೀರವ್ವ ಆಡಿದ ಮೊದಲ ಮಾತು ಇದು.

ದ್ರಾಕ್ಷಾಯಿಣಿ ಫೋನು ಕಿವಿಗೆ ಹಿಡಿದು ಅಂಗಳಕ್ಕೆ ಬಂದಳು. ರಿಂಗಾಯಿತು. ಆಯಿತು. ಆಯಿತು.

“ಹಾಂ, ಹೇಳ್ರಿ,” ಎಂದರು ಗೋಣೆಪ್ಪ.

“ಸರ, ಪಕ್ಕೀರವ್ವನ್ನ ಬಿಡಬ್ಯಾಡ್ರಿ. ಅಲ್ಲೇ ಕುಂದರಸರಿ. ನಾ ಬರಾಕತ್ತೀನಿ.”

“ಆಗಳೇ ಕಳಸರಿ ಅಂದ್ರಿ, ಈಗ ಬಿಡಬ್ಯಾಡ್ರಿ ಅಂತೀರಿ. ಏನ್ ಆಟಾನ್ರಿ ಇದು? ಹೋಗ್ಯಾಳ ಅಕಿ.”

“ಎಲ್ಲಿಗಿ? ಬಸ್ ಸ್ಟ್ಯಾಂಡಿಗೆ ಯಾರನ್ನರೆ ಓಡಸ್ರಿ ಸರ, ಅಳವಂಡಿ ಬಸ್ಸಿಗೆ—”

“ಬಸ್ಸಿಗೆ ಹೋಗಿಲ್ಲ. ಗೇಟಿನ ಮುಂದ ಕಾರು ನಿಂತಿತ್ತು, ಮಧ್ಯಾಹ್ನದಿಂದ. ಹಿಂದಿನ ಬಾಗಲಾ ತಗದು ಕುಂತ್ಲು, ಹಿಟ್ನಾಳ ಕ್ರಾಸಿನ ಕಡೆ ಹೋದ್ರು. ನನಗೂ ಆಶ್ಚರ್ಯ ಆತು. ಇವ್ರ ಅಲ್ಲೇನು ಅಕಿನ್ನ ಜೈಲಿಗೆ ಹಾಕ್ರಿ ಅಂತ ನನ್ನ ಬೆನ್ನ ಹತ್ತಿದ್ದು, ಅಂತ.”

“ಯಾರು ಸರ? ಗಾಡಿ ಯಾರದು?”

“ಡಾ. ಶಾಂತಕುಮಾರಂದು. ಅವ್ರ ಖುದ್ದು ನಡಸಾಕತ್ತಿದ್ರು.”